ಐದನೆಯ ಶನಿವಾರ

"ಮಾತಾಡೋವಾಗ ಮುಖ ನೋಡಬೇಕ್ರಿ," ಎಂದಳು ಬಂದ ಹೆಂಗಸು, ಸಿಟ್ಟಿನಿಂದ.

"ಕಾಣಂಗಿದ್ರ ಕಣ್ಣು ತುಂಬ ನೋಡ್ತಿದ್ದೆ ಮೇಡಂ. ಶುಗರ್ ಬಂದು ಕಣ್ಣು ಹೋಗಿ ಎರಡು ವರ್ಷಾತು."

ಬಳೆಗಳ ಸದ್ದು ಗಕ್ಕನೆ ನಿಂತಿತು. ತಾರ್ನಾಕದ ತನ್ನ ರಿಪೇರಿ ಅಂಗಡಿಯಲ್ಲಿ ಬಸವಕಿರಣನಿಗೆ ಇಂಥ ಮೌನ ಹೊಸದಲ್ಲ. ಇದರ ಬೆನ್ನಿಗೇ ಗಿರಾಕಿಗಳು ಹೊರಟುಬಿಡುತ್ತಿದ್ದರು. ಇವಳು ಕುರ್ಚಿ ಎಳೆದು ಕೂತಳು.

ಹೆಸರು ಕೋಕಿಲಾ. ಊರಾಚೆ ಲಿಂಗಂಪಲ್ಲಿಯಲ್ಲಿ ಮನೆ, ಕಾಲೇಜೊಂದರಲ್ಲಿ ಕೆಲಸ. ತಂದಿದ್ದು ಮೂವತ್ತೈದು ವರ್ಷದ ಹಳೆಯ ಕಂಪ್ಯೂಟರು, ತೀರಿಹೋದ ತಮ್ಮ ಪವನನದು. ಅವ್ವನ ಹುಟ್ಟುಹಬ್ಬಕ್ಕೆಂದು ಅವನು ಅದರಲ್ಲಿ ಏನೋ ಬರೆದಿಟ್ಟಿದ್ದ. ಅವ್ವ ಯಮುನಾಬಾಯಿಯ ಕಿಡ್ನಿ ಕೈಕೊಟ್ಟಿತ್ತು, ಹಾಸಿಗೆ ಹಿಡಿದಿದ್ದರು. ಮಗ ಬರೆದದ್ದನ್ನು ಒಮ್ಮೆ ಪರದೆಯ ಮೇಲೆ ನೋಡಬೇಕು, ಅಷ್ಟೇ ಅವರ ಆಸೆ.

ಸ್ವಿಚ್ ಹಾಕಿದರೆ ಪವರ್ ಸಪ್ಲೈ ಟಿಕ್ ಟಿಕ್ ಎನ್ನುತ್ತಿತ್ತು, ಮೆಷಿನ್ ಏಳುತ್ತಿರಲಿಲ್ಲ.

"ತಲಿ ನಂದು, ಕೈ ನಿಮ್ದು," ಎಂದ ಕಿರಣ.

"ನನ್ನ ಕೈ ಭಾಳ ಒರಟ ಅದಾವ್ರಿ."

ಅವಳ ಬೆರಳು ಹಿಡಿದು ಸ್ಕ್ರೂ ಇದ್ದ ಕಡೆ ಒಯ್ದ. ಬೆರಳು ತಣ್ಣಗಿದ್ದವು. ಹಿಂದೆಳೆದುಕೊಳ್ಳಲಿಲ್ಲ.

ಡಬ್ಬಿ ಬಿಚ್ಚಿದ್ದೇ ತಡ, ಕೊಳೆತ ಮೀನಿನ ವಾಸನೆ. ಕೆಪಾಸಿಟರ್ ಸೋರಿದೆಯೆಂದು ಅವನ ಮೂಗಿಗೆ ಆಗಲೇ ತಿಳಿಯಿತು. ಹೊಸದು ಡ್ರಾಯರ್‌ನಲ್ಲೇ ಇತ್ತು. ಹತ್ತು ನಿಮಿಷದ ಕೆಲಸ.

"ಏನರ ಕಾಣ್ತೈತೇನ್ರಿ?" ಎಂದು ಕೇಳಿದ.

"ಎಲ್ಲಾ ಬರೋಬರಿ ಐತ್ರಿ."

ಅವಳ ದನಿ ಅಷ್ಟು ಹತ್ತಿರದಲ್ಲಿತ್ತು. "ಹಂಗಾದ್ರ ಫ್ಯೂಸ್ ಇರಬೇಕು, ತರಿಸ್ತೀನಿ. ಮುಂದಿನ ಶನಿವಾರ ಬರ್ರಿ," ಎಂದುಬಿಟ್ಟ.

ಎರಡನೆಯ ಶನಿವಾರ ಡಯೋಡ್ ನೋಡಿದರು. ಮೂರನೆಯದಕ್ಕೆ ಟ್ರಾನ್ಸಿಸ್ಟರ್.

"ಇದೇನ್ರಿ, ಸಣ್ಣ ಡಬ್ಬಿ?"

"ಕೆಪಾಸಿಟರ್. ಕರೆಂಟ್ ತುಂಬ್ಕೊಂಡು ಸುಮ್ನ ಕುಂತಿರ್ತೈತಿ. ಮುಟ್ಟಿದ್ರ ಝಾಡಸ್ತೈತಿ."

"ನಿಮ್ಹಂಗ?"

ಅವನು ಎಷ್ಟೋ ದಿನದ ಮೇಲೆ ಬಾಯ್ತುಂಬ ನಕ್ಕ.

ನಾಲ್ಕನೆಯ ಶನಿವಾರ ಅವಳು ಬರಲಿಲ್ಲ. ಐದನೆಯದಕ್ಕೆ ಬಂದು, ಬಾಗಿಲಲ್ಲೇ ನಿಂತಳು.

"ಅವ್ವ ಹೋದ್ಲು."

ಕಿರಣ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ನನಗ ಮೊದಲ ದಿನಾನ ಗೊತ್ತಿತ್ರಿ. ವಾಸನಿ ಬಂದಿತ್ತು. ನೀವು ಮತ್ತ ಬರ್ಲಿ ಅಂತ ಸುಳ್ಳು ಹೇಳಿದೆ. ನಿಮ್ಮವ್ವನ ಆಸೆ ನಾ ನುಂಗಿದೆ."

ಬೈಗುಳಕ್ಕೆ ಕಾದ.

"ಉಬ್ಬಿ ಒಡೆದಿತ್ತು," ಎಂದಳು ಕೋಕಿಲಾ.

"ಏನು?"

"ಆ ಕೆಪಾಸಿಟರ್. ಹನ್ನೆರಡು ವರ್ಷ ಆತು, ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬ್ ನಾನ ನೋಡ್ಕೋತೀನಿ. ತಮ್ಮನ ಮೆಷಿನ್ ಒಬ್ಬಾಕೀನ ಬಿಚ್ಚಾಕ ಧೈರ್ಯ ಆಗ್ಲಿಲ್ಲ, ಅದಕ್ಕ ಬಂದೆ. ಬಿಚ್ಚಿದ ಕೂಡಲೇ ಕಂಡಿತ್ತು. ನೀವು ನನ್ನ ಕೈ ಹಿಡಿದಿದ್ರಿ. ಬರೋಬರಿ ಐತಿ ಅಂದೆ."

ಅವನು ಡ್ರಾಯರ್‌ನಿಂದ ಹೊಸದನ್ನು ತೆಗೆದುಕೊಟ್ಟ. ಅವಳು ಕೆಲಸದ ಬೆಂಚಿಗೆ ಬಂದು ಬೆಸುಗೆ ಹಾಕತೊಡಗಿದಳು. ಬಳೆಗಳ ಸದ್ದು ಒಂದು ಸಲವೂ ತಡವರಿಸಲಿಲ್ಲ. ಸ್ವಿಚ್ ಹಾಕಿದಾಗ ಟಿಕ್ ಟಿಕ್ ಇರಲಿಲ್ಲ. ಫ್ಯಾನ್ ತಿರುಗಿತು, ಡಿಸ್ಕ್ ಕರಕರ ಎಂದಿತು.

"ಇಂಗ್ಲಿಷ್ ಅಕ್ಷರದಾಗ ಬರದಾನ," ಎಂದು ಹೇಳಿ, ಪರದೆಯ ಮೇಲಿದ್ದ ತಮ್ಮನ ಬರಹ ಓದಿದಳು. "ಅವ್ವಾ, ಇವತ್ತು ನೀ ಅಡಿಗಿ ಮಾಡಬ್ಯಾಡ. ನಾ ಮಾಡ್ತೀನಿ. ಉಪ್ಪು ಜಾಸ್ತಿ ಆದ್ರ..."

ಮುಂದೆ ಓದಲಾಗಲಿಲ್ಲ. ಅವಳ ಅಳುವಿಗೆ ಬೆಂಚು ನಡುಗುತ್ತಿರುವುದು ಅವನ ಮೊಣಕೈಗೆ ತಿಳಿಯುತ್ತಿತ್ತು.

"ನನಗ ನಿಮ್ಮ ಮ್ಯಾಲ ಮನಸ್ಸೈತ್ರಿ," ಎಂದ. "ಹೇಳೋ ಹೊತ್ತಲ್ಲ ಇದು."

"ನನಗೂ ಐತಿ. ಅದಕ್ಕ ನನ್ನ ನಾ ಮಾಫ್ ಮಾಡ್ಕೊಳ್ಳಾಕ ಆಗವಲ್ದು."

ಅವಳು ಹಿಡಿಯಬೇಕಿದ್ದ ಲಿಂಗಂಪಲ್ಲಿಯ ಲೋಕಲ್ ರೈಲು ಹೋದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಹೋಯಿತು. ಅವಳು ಏಳಲಿಲ್ಲ. ಅವನು ಕೈ ಚಾಚಲಿಲ್ಲ. ಇಬ್ಬರೂ ಒಂದೇ ಬೆಂಚಿಗೆ ಮೊಣಕೈಯೂರಿ ಕೂತೇ ಇದ್ದರು.