ಮಾಂತ್ರಿಕನ ಹೂವಿನ ತೆರೆ

ಬಹಳ ಹಿಂದೆ, ಬೆಟ್ಟಗಳ ಆಚೆ ಬೆಳ್ನೂಲು ಎಂಬ ರಾಜ್ಯವಿತ್ತು. ಅಲ್ಲಿನ ಹೆಂಗಸರು ಕೊಕ್ಕೆಯ ಕಡ್ಡಿ ಹಿಡಿದು, ಬಟ್ಟೆಯೇ ಇಲ್ಲದೆ ಬರಿಯ ಬಿಳಿ ನೂಲಿನಿಂದ ಹೂವಿನ ಲೇಸ್ ಹೆಣೆಯುತ್ತಿದ್ದರು. ಅಲ್ಲಿಯ ಬೆಟ್ಟದ ತುದಿಯಲ್ಲಿ ಧೂಮಕೇಶನೆಂಬ ಮಾಂತ್ರಿಕನಿದ್ದ. ವರ್ಷಕ್ಕೊಬ್ಬ ಹುಡುಗಿಯನ್ನು ಹೊತ್ತೊಯ್ದು, ತನ್ನ ಬಾಗಿಲಿನ ತೆರೆಗೆ ಅವಳಿಂದ ಒಂದು ಹೂ ಹೆಣೆಸುತ್ತಿದ್ದ. ಹೂ ಮುಗಿದೊಡನೆ ಹುಡುಗಿ ಅದರೊಳಗೆ ಸೇರಿಹೋಗುತ್ತಿದ್ದಳು. ರಾಜಕುಮಾರ ಒಮ್ಮೆ ಹೋಗಿ ತೆರೆಗೆ ಕತ್ತಿ ಹಾಕಿದ. ನೂಲಿನಿಂದ ರಕ್ತ ಬಂತು. ಕತ್ತಿ ಬಿಸುಟು ಮನೆಗೆ ಬಂದ.

ಆ ವರ್ಷ ಬಾಚವ್ವನ ತಂಗಿ ನೀಲವ್ವನ ಸರದಿ ಬಂತು, ಮಾಂತ್ರಿಕ ಅವಳನ್ನು ಹೊತ್ತೊಯ್ದ. ತಂಗಿಯನ್ನು ಕರೆತರಲು ಬಾಚವ್ವ ಹೊರಟಳು. ಹೋಗಬೇಡವೆಂದು ಊರೆಲ್ಲ ಹೇಳಿತು. ಅವಳು ಯಾರ ಮಾತನ್ನೂ ಕೇಳುವವಳಲ್ಲ. ಕಡ್ಡಿಯನ್ನು ಮುಡಿಗೆ ಸಿಕ್ಕಿಸಿಕೊಂಡು, ನೂಲಿನ ಉಂಡೆ ಹಿಡಿದು ಬೆಟ್ಟ ಹತ್ತಿದಳು.

ಮೊದಲು ಐದು ಹೆಡೆಯ ಹಾವು ದಾರಿ ತಡೆಯಿತು. ತನಗೆ ಚಳಿ, ಐದು ಹೆಡೆಗೂ ಕುಲಾವಿ ಬೇಕು ಎಂದಿತು. ಬಾಚವ್ವ ಹೆಣೆದು ಕೊಟ್ಟಳು. ಅಂಚಿಗೆ ಹೂವಿಲ್ಲವೆಂದು ನಡುವಿನ ಹೆಡೆ ಮುಖ ಊದಿಸಿತು. ಹೂವನ್ನೂ ಹಾಕಿದಳು. ಹಾವು ಸರಿಯಿತು.

ಆಮೇಲೆ ದೀಪದಂತೆ ಹೊಳೆಯುವ ಮೀಸೆಯ ಹುಲಿ. ಆ ಬೆಳಕಿಗೆ ಅದಕ್ಕೇ ನಿದ್ದೆಯಿರಲಿಲ್ಲ. ಬಾಚವ್ವ ದಳಗಳನ್ನು ಒತ್ತೊತ್ತಾಗಿ ಹೆಣೆದು ಅದರ ಕಣ್ಣಿಗೆ ಕಟ್ಟಿದಳು. ಹುಲಿ ಅಲ್ಲೇ ಗೊರಕೆ ಹೊಡೆಯಿತು.

ಮೂರನೆಯವನು ಮಾಂತ್ರಿಕನೇ. ಅವನ ಬಾಗಿಲಲ್ಲಿ ತೆರೆ ತೂಗುತ್ತಿತ್ತು.

“ನಿನ್ನ ತಂಗಿ ಯಾವ ಹೂವೋ ಅದನ್ನು ಮುಟ್ಟು. ಒಂದೇ ಸಲ. ತಪ್ಪಿದರೆ ಮುಂದಿನ ಹೂ ನೀನೇ” ಎಂದ.

ಎಲ್ಲ ಹೂವೂ ಒಂದೇ ಅಚ್ಚು. ಬಾಚವ್ವ ಹತ್ತಿರ ಹೋಗಿ ಎಳೆ ಎಳೆ ನೋಡಿದಳು. ಎಲ್ಲ ಹೂವಿನಲ್ಲೂ ನೂಲಿನ ಸುತ್ತು ಬಲಕ್ಕೆ ತಿರುಗಿತ್ತು, ಒಂದರದು ಮಾತ್ರ ಎಡಕ್ಕೆ. ನೀಲವ್ವ ಎಡಚಿ. ಬಲಗೈಯಲ್ಲಿ ಹೆಣೆ ಎಂದು ಅಕ್ಕ ಎಷ್ಟು ಗದರಿದರೂ ಕೇಳಿದವಳಲ್ಲ.

ಬಾಚವ್ವ ಅದನ್ನೇ ಮುಟ್ಟಿದಳು. ಅದರ ಗಂಟು ಬಿಡಿಸಿ ಎಳೆದಳು. ನೀಲವ್ವ ಹೊರಬಂದಳು. ಆದರೆ ತೆರೆಯೆಲ್ಲ ಒಂದೇ ನೂಲು, ನೀಲವ್ವನ ಹೂವೇ ಅದರ ಕೊನೆ. ಎಳೆದಷ್ಟೂ ನೂಲು ಬಂತು.

“ನಿನ್ನ ತಂಗಿ ಸಿಕ್ಕಳಲ್ಲ, ಸಾಕು ಬಿಡು” ಎಂದ ಮಾಂತ್ರಿಕ.

“ಕೆಲಸ ಅರ್ಧಕ್ಕೆ ಬಿಟ್ಟು ನನಗೆ ಅಭ್ಯಾಸವಿಲ್ಲ.”

ಹೂಗಳು ಒಂದೊಂದಾಗಿ ಬಿಚ್ಚಿದವು, ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ನೂಲಿನ ಮೊದಲ ಗಂಟನ್ನು ಮಾಂತ್ರಿಕ ತನ್ನ ಉಸಿರಿನಿಂದ ಹಾಕಿದ್ದ. ಅದು ಬಿಚ್ಚಿದಾಗ ಅವನೂ ಹೊಗೆಯಾಗಿ ಹೋದ.

ಬೆಟ್ಟ ಇಳಿಯುವಾಗ ನೀಲವ್ವ ಕೇಳಿದಳು: “ಬಲಗೈ, ಬಲಗೈ ಅಂತಿದ್ದೆಯಲ್ಲ ಅಕ್ಕಾ?”

“ಬಾಯಿ ಮುಚ್ಚಿಕೊಂಡು ನೂಲು ಸುತ್ತು” ಎಂದಳು ಬಾಚವ್ವ.

ಹುಡುಗಿಯರು ತಮ್ಮ ತಮ್ಮ ಮನೆ ಸೇರಿದರು. ಬೆಳ್ನೂಲಿನವರು ಸುಖವಾಗಿ ಬಾಳಿದರು. ನೀಲವ್ವ ಎಡಗೈಯಲ್ಲೇ ಹೆಣೆದಳು, ಬಾಚವ್ವ ಗದರಲಿಲ್ಲ.