ಗಂಟೆಗೊಂದು ಟ್ರ್ಯಾಕ್ಟರ್ ಬರುವ ದಾರಿ

ಟೀ ಕಪ್ಪು ಹಿಡಿದು ಚಾಚಿದ ಕೈ ಚಾಚಿದಂತೆಯೇ ಇತ್ತು. ಎದುರು ಕುಳಿತವನು ಅದನ್ನು ನೋಡಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಮಾರ್ಟಿನಾಳ ಮುಖವನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದ.

“ಎಂತ ಮಾರಾಯ್ರೆ, ನನ್ನ ಕೈ ನೋವಾಗ್ತದೆ. ಟೀ ತಕ್ಕೊಳ್ತೀರಾ, ಇಲ್ಲ ಮುಖ ನೋಡಿದ್ರೇ ಸಾಕಾ?”

ಅವನು ಬೆಚ್ಚಿ ತಲೆ ತಿರುಗಿಸಿದ. ಕಪ್ಪು ಅವನ ಬಲ ಮೊಣಕೈಯ ಪಕ್ಕದಲ್ಲೇ ಇತ್ತು. “ಸಾರಿ ಕಣ್ರೀ. ಕಾಣಲಿಲ್ಲ.”

ಗೇಣು ದೂರದ ಕಪ್ಪು ಕಾಣಲಿಲ್ಲವಂತೆ! ಕೊಲ್ಲಿ ನಾಡಿನ ಅಲ್ ಮುರಕ್ಕಬಾತ್ ಬಡಾವಣೆಯ ಈ ಟ್ರಾವೆಲ್ ಏಜೆನ್ಸಿಯಲ್ಲಿ ಹದಿನಾರು ವರ್ಷ ಕುಳಿತವಳು ಮಾರ್ಟಿನಾ. ಗಂಡಸರ ನೋಟಗಳಲ್ಲಿ ಎಷ್ಟು ಬಗೆ ಎಂದು ಯಾರಾದರೂ ಕೇಳಿದರೆ ಹೇಳಬಲ್ಲಳು. ನಲವತ್ತು ದಾಟಿದ ಮೇಲೆ ಅವು ಕಡಿಮೆಯಾಗಿದ್ದವು. ಬಂದರೂ ಸಿಟ್ಟು ಬರುತ್ತಿರಲಿಲ್ಲ, ದಣಿವಾಗುತ್ತಿತ್ತು. ಇದು ಮಾತ್ರ ಬೇರೆ. ಹಣೆಯಿಂದ ಕಣ್ಣಿಗೆ, ಕಣ್ಣಿಂದ ತುಟಿಗೆ, ಒಂದೊಂದನ್ನೇ ಬಿಡಿಬಿಡಿಯಾಗಿ ಓದುವ ನೋಟ. ಅವಳಿಗೆ ತಿಳಿಯದಂತೆ ಕೈ ಕೂದಲು ಸರಿಮಾಡಿಕೊಂಡಿತು.

ಮೈಸೂರಿನವನು, ಹೆಸರು ಶ್ರೀನಿಧಿ, ಕಟ್ಟಡಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಮೇಜಿನ ಮೇಲೆ ಮಡಿಕೆ ಹರಿದ ಮ್ಯಾಪೊಂದನ್ನು ಬಿಡಿಸಿದ. ಫ್ರಾನ್ಸಿನ ಪಶ್ಚಿಮದ ಮೂಲೆ, ಬ್ರಿಟನಿ. ಅವನ ಹಳೆಯ ಬಾಸ್ ಯಾನ್ ಎಂಬಾತ ಆ ಕಡೆಯವನು. ನಿವೃತ್ತನಾಗಿ ಹೋಗುವಾಗ ತನ್ನ ಸೈಕಲ್ಲನ್ನು ಇವನಿಗೆ ಕೊಟ್ಟು, ಸೈಕಲ್ ಹೊಡೆಯುವವರ ದಾರಿಗಳನ್ನು ಕೆಂಪು ಪೆನ್ಸಿಲಿನಲ್ಲಿ ಗೀಚಿಕೊಟ್ಟಿದ್ದ.

“ಇವೆಲ್ಲ ಹೊಲದ ನಡುವಿನ ಸಣ್ಣ ರಸ್ತೆಗಳು. ಎರಡೂ ಕಡೆ ಆಳೆತ್ತರದ ಬೇಲಿ. ಗಂಟೆಗೊಂದು ಟ್ರ್ಯಾಕ್ಟರ್ ಬಂದ್ರೆ ಹೆಚ್ಚಂತೆ. ಇಲ್ಲಿ ಜೋಸ್ಲ್ಯಾಂ ಅನ್ನೋ ಊರಿಂದ ಪೊಂಟಿವಿ ತನಕ ಕಾಲುವೆ ದಂಡೆ. ಕಾರೇ ಬಿಡೋದಿಲ್ಲ.”

“ನಮ್ಮ ಕಸ್ಟಮರೆಲ್ಲ ಪ್ಯಾರಿಸ್ ಕೇಳ್ತಾರೆ. ನೀವು ಟ್ರ್ಯಾಕ್ಟರ್ ನೋಡ್ಲಿಕ್ಕೆ ಫ್ರಾನ್ಸಿಗೆ ಹೋಗುದಾ? ಮೂಡಬಿದ್ರೆಗೆ ಬನ್ನಿ, ನಾನು ತೋರಿಸ್ತೇನೆ.”

ಅವನು ನಕ್ಕ. ಮೊದಲ ಸಲ ಹಲ್ಲು ಕಂಡಿತು. “ಜೂನಲ್ಲೇ ಆಗಬೇಕು ಕಣ್ರೀ. ಆಗ ಅಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತೆ.”

ಅದು 2003ರ ಫೆಬ್ರವರಿ.

ಆಮೇಲೆ ಪ್ರತಿ ಬುಧವಾರ ಐದಕ್ಕೆ ಅವನು ಬರತೊಡಗಿದ. ವೀಸಾ ಫೈಲಿಗೆ ಅಷ್ಟು ಸಲ ಬರಬೇಕಾಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಮಾರ್ಟಿನಾ ದಿನಕ್ಕೆ ನಲವತ್ತು ಕಿಲೋಮೀಟರಿನಂತೆ ದಾರಿಯನ್ನು ತುಂಡು ಮಾಡಿದಳು, ಪ್ರತಿ ತುಂಡಿನ ಕೊನೆಗೂ ಒಂದು ಮನೆ ಹುಡುಕಿದಳು. ತನ್ನ ಮುರುಕು ಫ್ರೆಂಚಿನಲ್ಲಿ ಯಾರೋ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಿ, “ಬೆಳಿಗ್ಗೆ ದೋಸೆಯಂಥದ್ದು ಮಾಡಿ ಕೊಡ್ತಾರಂತೆ. ಚಟ್ನಿ ಮಾತ್ರ ನೀವೇ ಹೊತ್ಕೊಂಡು ಹೋಗ್ಬೇಕು,” ಅಂದಳು.

“ಚಟ್ನಿ ಹೊರೋರು ಯಾರಾದ್ರೂ ಜೊತೆಗೆ ಬಂದ್ರೆ?”

“ನನಗೆ ಸೈಕಲ್ ಬರುದಿಲ್ಲ,” ಅಂದು ಅವಳು ಸ್ಟೇಪ್ಲರ್ ಹುಡುಕತೊಡಗಿದಳು. ಸ್ಟೇಪ್ಲರ್ ಕೈಯಲ್ಲೇ ಇತ್ತು.

ಮಾರ್ಚಿನ ಒಂದು ಶುಕ್ರವಾರ ಬೆಳಿಗ್ಗೆ ಅವನ ಸೈಕಲ್ ಅಭ್ಯಾಸ ನೋಡಲು ಅವಳು ಊರಂಚಿನ ಮಿರ್ದಿಫ್‌ಗೆ ಹೋದಳು. ಅಲ್ಲಿ ಆಗಿನ್ನೂ ವಿಲ್ಲಾಗಳು ಅಲ್ಲೊಂದು ಇಲ್ಲೊಂದು. ಮನೆಗಳಿಗಿಂತ ಮೊದಲು ರಸ್ತೆಗಳು ಬಂದಿದ್ದವು. ಶ್ರೀನಿಧಿ ಆ ಖಾಲಿ ಟಾರಿನ ಮೇಲೆ ಸುತ್ತು ಹಾಕುತ್ತಿದ್ದ. ಪಕ್ಕದ ಗಲ್ಲಿಯಿಂದ ಬಿಳಿ ಪಿಕಪ್ ಒಂದು ಹೊರಟು ಹಾರನ್ ಹೊಡೆದರೂ ಅವನು ನೇರ ಬರುತ್ತಲೇ ಇದ್ದ. ಮಾರ್ಟಿನಾ ಕಿರುಚಿದಳು. ಬ್ರೇಕ್ ಹಾಕಿ, ಕಾಲೂರಿ, ಪಿಕಪ್ ಹೋದ ಎಷ್ಟೋ ಹೊತ್ತಿನ ಮೇಲೆ ಅವನು ಎಡಕ್ಕೆ ತಿರುಗಿ ನೋಡಿದ.

ಅಂದು ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದ. ಕಣ್ಣಿನ ಪರದೆ ಅಂಚಿನಿಂದ ಸಾಯುತ್ತ ಬರುವ ರೋಗ. ಸೋದರಮಾವನಿಗೆ ಬಂದಿತ್ತು, ನಲವತ್ತೈದಕ್ಕೆ ಪೂರ್ತಿ ಹೋಯಿತು. ತನಗೂ ಬರಬಹುದೆಂದು ಹೆದರಿಯೇ ಮದುವೆಯಾಗಲಿಲ್ಲ. ಈಗ ನಲವತ್ತನಾಲ್ಕು. ಕತ್ತಲಾದರೆ ಏನೂ ಕಾಣದು. ಹಗಲಲ್ಲೂ ಕೊಳವೆಯಲ್ಲಿ ಇಣುಕಿದ ಹಾಗೆ, ಎದುರಿಗಿದ್ದಷ್ಟೇ.

“ಅದಕ್ಕೇ ಟ್ರ್ಯಾಕ್ಟರ್ ದಾರಿ. ಅದಕ್ಕೇ ಜೂನ್. ಅಲ್ಲಿ ದಿನಕ್ಕೆ ಮೂರು ಗಂಟೆ ಬೆಳಕು ಜಾಸ್ತಿ ಸಿಗುತ್ತೆ. ಒಂದು ಸಲ, ಯಾರಿಗೂ ಡಿಕ್ಕಿ ಹೊಡೀದೆ, ಹಸಿರು ನೋಡ್ಕೊಂಡು ಹೋಗ್ಬೇಕು. ಮುಂದಿನ ವರ್ಷಕ್ಕೆ ಉಳಿಯೋದಿಲ್ಲ ಅಂದಿದ್ದಾರೆ ಡಾಕ್ಟ್ರು.”

ಫ್ಲಾಸ್ಕಿನ ಮುಚ್ಚಳದಲ್ಲಿ ಬಗ್ಗಿಸಿದ ಕಾಫಿಯನ್ನು ಮಾರ್ಟಿನಾ ಈ ಸಲ ಅವನ ಕೈಯೊಳಗೇ ಇಟ್ಟಳು. ಅವನ ಬೆರಳು ಅವಳ ಬೆರಳ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

“ಆಫೀಸಿಗೆ ಗೊತ್ತಾಗಬಾರದು ರೀ, ಕೆಲಸ ಹೋಗುತ್ತೆ. ರೂಮಿನ ಆನ್ಸೆಲ್ಮ್‌ಗೆ ಗೊತ್ತು, ನಿಮಗೆ ಗೊತ್ತು. ಅಷ್ಟೇ.”

“ನನ್ನ ಬಾಯಿಂದ ಹೋಗುದಿಲ್ಲ,” ಅಂದಳು.

ಬಾಯಿಂದ ಹೋಗಲಿಲ್ಲ ನಿಜ.

ಪ್ರಯಾಣದ ಇನ್ಶೂರೆನ್ಸಿಗೆ ಕಣ್ಣಿನ ಡಾಕ್ಟರ ಪತ್ರ ಬೇಕೆಂದು ಹಟಮಾಡಿ ತರಿಸಿದವಳು ಅವಳೇ. ಕಾಗದದಲ್ಲಿ ಸುಳ್ಳಿದ್ದರೆ ನಾಳೆ ಪರದೇಶದಲ್ಲಿ ಅವನು ಬಿದ್ದಾಗ ಯಾರೂ ಎತ್ತುವುದಿಲ್ಲ ಎಂಬ ಭಯ ಅವಳದು. ಇನ್ನು ಪ್ರಯಾಣಕ್ಕೆ ಅಡ್ಡಿಯಿಲ್ಲವೆಂಬ ಕಂಪನಿಯ ಪತ್ರ, ಎನ್‌ಒಸಿ: ಇವರ ಏಜೆನ್ಸಿಯ ರೂಢಿಯಂತೆ ಇಡೀ ಫೈಲನ್ನು ಕಂಪನಿಗೆ ಫ್ಯಾಕ್ಸ್ ಮಾಡಬೇಕು. ಅಲ್ಲಿ ಸರ್ಕಾರಿ ಕಾಗದಪತ್ರ ಓಡಾಡಿಸುವ ಉಸ್ಮಾನ್ ಅದನ್ನು ನೋಡಿ, ಮ್ಯಾನೇಜರ ಸಹಿ ಹಾಕಿಸಿ ಕಳಿಸುತ್ತಾನೆ. ಹದಿನಾರು ವರ್ಷದಿಂದ ಅವಳ ಕೈ ತಾನಾಗಿ ಮಾಡುತ್ತಿದ್ದ ಕೆಲಸ.

ಅಂದು ಬುಧವಾರ. ಅವನು ಬರುವ ಹೊತ್ತಾಗಿತ್ತು. ಹಾಳೆಗಳ ಕಟ್ಟನ್ನು ಯಂತ್ರಕ್ಕೆ ಕೊಟ್ಟು, ಅವು ಒಂದೊಂದಾಗಿ ಒಳಗೆ ಹೋಗುತ್ತಿದ್ದಾಗ ಅವಳು ಬೀರುವಿನ ಗಾಜಿನಲ್ಲಿ ಹೊಸ ಓಲೆ ನೋಡಿಕೊಳ್ಳುತ್ತಿದ್ದಳು. ನಲವತ್ತೊಂದು ವಯಸ್ಸಿನ ಹೆಂಗಸು, ಸಣ್ಣ ಹುಡುಗಿಯಂತೆ ಕತ್ತು ಆ ಕಡೆ ಈ ಕಡೆ ತಿರುಗಿಸಿ.

ಡಾಕ್ಟರ ಪತ್ರ ಬಿಟ್ಟು ಹತ್ತು ಪುಟ ಹೋಗಬೇಕಿತ್ತು. ಯಂತ್ರ ಉಗುಳಿದ ಚೀಟಿಯಲ್ಲಿ ‘ಹನ್ನೊಂದು’ ಎಂದಿತ್ತು.

ಓಡಿ ಉಸ್ಮಾನನಿಗೆ ಫೋನ್ ಮಾಡಿದಳು. “ಉಸ್ಮಾನ್, ಆ ಡಾಕ್ಟರ ಹಾಳೆ ತೆಗೆದು ಹರಿದು ಹಾಕಿ. ನಿಮ್ಮ ದಮ್ಮಯ್ಯ.”

“ಅಕ್ಕಾ, ಫ್ಯಾಕ್ಸ್ ಮೆಶಿನ್ ಹತ್ರ ಮ್ಯಾನೇಜರೇ ನಿಂತಿದ್ರು,” ಅಂದ ಅವನು ತಗ್ಗಿದ ದನಿಯಲ್ಲಿ. “ಖಲಾಸ್.”

ಐದು ನಿಮಿಷದ ಮೇಲೆ ಶ್ರೀನಿಧಿ ಬಂದ. ಓಲೆ ನೋಡಿ, “ಇದು ಹೊಸದು,” ಅಂದ. ಅವಳು ಚೀಟಿಯನ್ನು ಡ್ರಾಯರಿಗೆ ಸೇರಿಸಿದಳು.

ಮುಂದಿನ ಮಂಗಳವಾರವೇ ಬಂದುಬಿಟ್ಟ. ಕಂಪನಿ ವೀಸಾ ಕ್ಯಾನ್ಸಲ್ ಮಾಡಿತ್ತು. ಮೂವತ್ತು ದಿನದೊಳಗೆ ದೇಶ ಬಿಡಬೇಕು. ಇಲ್ಲಿನ ವೀಸಾ ಇಲ್ಲದವನಿಗೆ ಇಲ್ಲಿಂದ ಫ್ರಾನ್ಸಿನ ವೀಸಾ ಸಿಗದು. ಊರಿಗೆ ಹೋಗಿ, ಕೆಲಸವಿಲ್ಲದ ಒಂಟಿ ಗಂಡಸಾಗಿ ಅರ್ಜಿ ಹಾಕಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರೂ ಬಲ್ಲವರಿರಲಿಲ್ಲ.

“ಆನ್ಸೆಲ್ಮೇ ಹೇಳಿದ್ದು. ಇನ್ಯಾರು? ಒಂಬತ್ತು ವರ್ಷ ಒಂದೇ ರೂಮಲ್ಲಿ ಅನ್ನ ತಿಂದೋನು. ಕತ್ತಲಾದ್ಮೇಲೆ ಕೈ ಹಿಡಿದು ಮೆಟ್ಟಿಲು ಹತ್ತಿಸ್ತಿದ್ದ. ಬೆಳಿಗ್ಗೆ ಬಾಯಿಗೆ ಬಂದಂಗೆ ಬೈದೆ. ಆಣೆ ಮಾಡ್ತಾ ಅತ್ತುಬಿಟ್ಟ, ನಾಟಕದೋನು.”

ಮಾರ್ಟಿನಾ ಮೇಜಿನ ಅಂಚು ಹಿಡಿದು ಕುಳಿತಳು.

ಅವನೇ ತಡೆದು ತಡೆದು ಮುಂದುವರಿಸಿದ. “ಬಿಡಿ. ಫ್ರಾನ್ಸ್ ಹೋದ್ರೆ ಹೋಗ್ಲಿ. ಮೈಸೂರಲ್ಲಿ ಒಂದು ಮನೆ ಇದೆ. ಕಣ್ಣಿಲ್ಲದೋನ ಜೊತೆ ಬಾ ಅಂತ ಕೇಳೋಕೆ ನನಗೇನು ಹಕ್ಕಿದೆ? ಆದ್ರೂ ಕೇಳ್ತಿದೀನಿ. ಬರ್ತೀರಾ?”

ಹೀಗೆ ಅವಳನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಇಬ್ಬರು ತಂಗಿಯರ ಮದುವೆಯಲ್ಲಿ ಅವಳು ಅತಿಥಿಗಳಿಗೆ ಕೇಕು ಹಂಚಿದ್ದಳು. ಈಗ ಬಾಯಿ ಬಿಟ್ಟು ಒಂದು ‘ಹೂಂ’ ಅಂದರೆ ಸಾಕು. ಆನ್ಸೆಲ್ಮ್ ದ್ರೋಹಿಯಾಗಿ ಉಳಿಯುತ್ತಾನೆ, ಅಷ್ಟೇ. ಚೀಟಿ ಅವಳ ಡ್ರಾಯರಿನಲ್ಲೇ ಇದೆ, ಯಾರೂ ನೋಡುವುದಿಲ್ಲ.

“ಆನ್ಸೆಲ್ಮ್ ಅಲ್ಲ,” ಅಂದಳು. “ನಾನು. ಡಾಕ್ಟರ ಪತ್ರ ಫ್ಯಾಕ್ಸಲ್ಲಿ ಹೋಯ್ತು. ಬುಧವಾರವೇ ಗೊತ್ತಿತ್ತು ನನಗೆ. ನೀವು ಎದುರು ಕೂತಿದ್ದಾಗಲೂ.”

ಅವನ ನೋಟ ಅವಳ ಮುಖವನ್ನು ಹುಡುಕಿತು, ಒಂದು ಕಡೆ ನಿಲ್ಲಲಾರದೆ ಅಲೆದಾಡಿತು. ಎದ್ದ. ಕಾಣದ ಕುರ್ಚಿಗೆ ಮೊಣಕಾಲು ಬಡಿಯಿತು. ಹಿಡಿಯಲು ಬಂದ ಅವಳ ಕೈಯನ್ನು ಕೊಡವಿ, ಗೋಡೆ ತಡವಿಕೊಂಡು ಹೊರಗೆ ಹೋದ.

ಮೂರು ಬುಧವಾರ ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ.

ಕೊನೆಗೆ ಉಸ್ಮಾನನೇ ಹೇಳಿದ, ಗುರುವಾರ ಮಧ್ಯಾಹ್ನದ ಫ್ಲೈಟು ಎಂದು. ಪಾಸ್‌ಪೋರ್ಟ್ ಕಂಪನಿಯ ಕೈಯಲ್ಲಿತ್ತು. ಏರ್‌ಪೋರ್ಟಿನಲ್ಲೇ ಒಪ್ಪಿಸುವುದು ಅವರ ಪದ್ಧತಿ. ಮಾರ್ಟಿನಾ ಹೋದಾಗ ಉಸ್ಮಾನ್ ಅದನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದ. ಆನ್ಸೆಲ್ಮ್ ಟ್ರಾಲಿ ಹಿಡಿದಿದ್ದ. ಅವಳನ್ನು ಕಂಡು, “ಹತ್ರ ಹೋಗಿ, ಅಕ್ಕಾ. ಬೈದ್ರೆ ಬೈಲಿ. ನನಗೂ ಬೈದಿದ್ದ, ಆಮೇಲೆ ಕಾಲಿಗೆ ಬಿದ್ದ,” ಎಂದು ಕೊಂಕಣಿಯಲ್ಲಿ ಹೇಳಿ ದೂರ ಸರಿದ.

ಶ್ರೀನಿಧಿ ಕಂಬಕ್ಕೆ ಒರಗಿದ್ದ. ಹೆಜ್ಜೆ ಕೇಳಿಯೇ ಗುರುತು ಹಿಡಿದನೇನೋ, ತಿರುಗಲಿಲ್ಲ.

“ನೀವು ಸುಮ್ಮನಿದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ.”

“ಹೌದು.”

“ಮದುವೇನೂ ಆಗಿಬಿಡ್ತಿತ್ತು.”

“ಹೌದು.”

“ಮತ್ಯಾಕೆ ಹೇಳಿದ್ರಿ?”

“ನಾಳೆ ನಿಮ್ಮ ಕೈ ಹಿಡ್ಕೊಂಡು, ಇಲ್ಲಿ ಮೆಟ್ಟಿಲು ಉಂಟು, ಇಲ್ಲಿ ಗುಂಡಿ ಉಂಟು ಅಂತ ನಾನೇ ಹೇಳ್ಬೇಕಿತ್ತಲ್ಲ. ನೀವು ನಂಬಬೇಕಿತ್ತು. ಸುಳ್ಳು ಇಟ್ಕೊಂಡು ಅದು ಆಗುದಿಲ್ಲ.”

ಅವನು ಕಂಬದಿಂದ ಬೆನ್ನು ಎತ್ತಿ ಅವಳ ಕಡೆ ತಿರುಗಿದ.

“ಸಿಟ್ಟು ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ.”

“ಹೋಗ್ಲಿ ಅಂತ ಕೇಳ್ಲಿಕ್ಕೆ ಬಂದದ್ದಲ್ಲ. ಪ್ರೀತಿ ಉಂಟು ಅಂತ ಹೇಳ್ಲಿಕ್ಕೆ ಬಂದದ್ದು. ಅವತ್ತು ಅದನ್ನು ಹೇಳಿರ್ಲಿಲ್ಲ.”

ಅವನು ಕಣ್ಣು ಮುಚ್ಚಿಕೊಂಡ. “ಈಗ ನನ್ನ ಮುಖ ಹೇಗಿದೆ?”

“ಹೆದರಿದ ಹಾಗೆ.”

“ಸ್ವಲ್ಪ ಸುಳ್ಳು ಹೇಳಿದ್ರೂ ನಡೀತಿತ್ತು,” ಅಂದ. ನಗು ಬರಲಿಲ್ಲ, ಆದರೆ ಕೈ ಚಾಚಿ ಅವಳ ಮೊಣಕೈ ಹಿಡಿದುಕೊಂಡ. ಉಸ್ಮಾನ್ ಪಾಸ್‌ಪೋರ್ಟ್ ಕೊಟ್ಟ. ಆನ್ಸೆಲ್ಮ್ ಶ್ರೀನಿಧಿಯನ್ನು ಒಮ್ಮೆ ಅಪ್ಪಿಕೊಂಡ. ಟಿಕೆಟ್ ಇಲ್ಲದವರು ದಾಟಬಾರದ ಗೆರೆಯ ತನಕ ಅವಳು ನಡೆಸಿಕೊಂಡು ಹೋದಳು.

“ಸಾಲು ಯಾವ ಕಡೆ?”

“ನೇರ. ನಿಮ್ಮ ಮುಂದೆ ಹಸಿರು ಅಂಗಿಯವರೊಬ್ರು ಇದ್ದಾರೆ. ಅವರ ಹಿಂದೆ ಹೋಗಿ.”

ಮೊಣಕೈ ಬಿಟ್ಟ. ಹೋದ. ಹಸಿರು ಅಂಗಿಯವನು ಇದ್ದಕ್ಕಿದ್ದಂತೆ ಯಾರನ್ನೋ ಕರೆಯಲು ಪಕ್ಕಕ್ಕೆ ಸರಿದುಬಿಟ್ಟ. ಶ್ರೀನಿಧಿ ಒಬ್ಬನೇ ನಿಂತ. ಎಡಬದಿಯಲ್ಲಿ ಮಗುವೊಂದನ್ನು ಕೂರಿಸಿದ ಟ್ರಾಲಿ ಬರುತ್ತಿತ್ತು, ಅವನಿಗೆ ಕಾಣದ ಕಡೆಯಿಂದ.

“ಬಲಕ್ಕೆ ಬನ್ನಿ ಶ್ರೀನಿಧಿ!” ಅವಳು ಕೂಗಿದಳು. ಕಾವಲಿನವನು, ಸಾಲಿನಲ್ಲಿದ್ದವರು, ಎಲ್ಲರೂ ತಿರುಗಿ ನೋಡಿದರು. “ಇನ್ನೂ ಬಲಕ್ಕೆ. ಹಾಂ. ಈಗ ನೇರ ಹೋಗಿ.”

ಅವನು ತಿರುಗಲಿಲ್ಲ. ತಡವರಿಸಲೂ ಇಲ್ಲ. ಬಲಕ್ಕೆ ಸರಿದು, ನೇರ ನಡೆದ.