ಕೈ ಎತ್ತಿದ ಹುಡುಗಿ

"ಶೂ ಬಿಚ್ಚಿ."

ರವಿಕಿರಣ ಅತ್ತಿತ್ತ ನೋಡಿದ. ಹೇಳಿದ್ದು ತನಗೇ ಎಂದು ಅವನಿಗೆ ಹೊಳೆಯಲಿಲ್ಲ.

"ನಿಮಗೇ ರೀ ಹೇಳ್ತಿರೋದು. ಮನೇಲಿ ಹಾಸಿಗೆ ಮೇಲೂ ಹಿಂಗೇ ನಿಂತ್ಕೋತೀರಾ?"

ಚಿಕ್ಕಬಾಣಾವರ ಸ್ಟೇಷನ್ ಹಿಂದಿನ ಶಾಲೆಯ ಮೈದಾನ. ಕಂಡಕಂಡವರನ್ನು ಕಾಡಿ ಬೇಡಿ ತಂದು ಹಾಸಿದ ಕಬಡ್ಡಿ ಮ್ಯಾಟ್. ಅದರ ನಟ್ಟನಡುವೆ ಧೂಳು ಮೆತ್ತಿದ ಶೂ ಹಾಕಿಕೊಂಡು ನಿಂತವನನ್ನು ಕಂಡರೆ ಭಾಗ್ಯಶ್ರೀಗೆ ಮೈ ಉರಿಯದೆ ಇನ್ನೇನು? ಹಗಲೆಲ್ಲಾ ನಾಗಸಂದ್ರದ ಫ್ಯಾಕ್ಟರಿ ಆಫೀಸಿನಲ್ಲಿ ದುಡಿದು, ಸಂಜೆ ಹುಡುಗಿಯರಿಗೆ ಆಟ ಕಲಿಸಲು ಓಡಿ ಬರುವವಳು ಅವಳು. ಅಷ್ಟು ಹೊತ್ತಿಗೆ ತಾಳ್ಮೆಯ ತಳ ಕಂಡಿರುತ್ತದೆ.

ಅವನು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಹರಿದ ಸಾಕ್ಸಿನಿಂದ ಹೆಬ್ಬೆರಳು ಇಣುಕುತ್ತಿತ್ತು.

"ನಾನು ಸಿನಿಮಾಗೆ ಕಥೆ ಬರೀತೀನಿ ಮೇಡಂ. ನಿಜವಾದ ಆಟಗಾರರ ಕಥೆ ಹುಡುಕ್ತಿದ್ವಿ. ನಿಮ್ದು ಸಿಕ್ತು."

'ನಂದಾ? ಸೋತವಳ ಕಥೆ ಯಾರಿಗೆ ಬೇಕಪ್ಪಾ...' ಎಂದುಕೊಂಡಳು ಭಾಗ್ಯಶ್ರೀ. ಆದರೂ ಹೋಗಿ ಎನ್ನಲಿಲ್ಲ. ಆ ಹೆಬ್ಬೆರಳು ಕಂಡು ನಗು ಬಂದಿತ್ತು, ಅದೇ ಎಡವಟ್ಟಾಯಿತು.

ಅಂದಿನಿಂದ ಅವನು ದಿನಾ ಬಂದ. ಕೆಂಪಾಪುರದಿಂದ ಬರುವವನು, ದಿನಾ ತಡ, ದಿನಾ ಹೆಬ್ಬಾಳದ ಟ್ರಾಫಿಕ್ಕಿಗೆ ಶಾಪ. ಬಂದವನು ಸುಮ್ಮನೆ ಕೂರುವವನೂ ಅಲ್ಲ.

"ನಿಮ್ಮ ತಂದೆ ಯಾವಾಗ ತೀರ್ಕೊಂಡ್ರು?"

"ತೀರ್ಕೊಂಡ್ರು ಅಂತ ಯಾರ್ ಹೇಳಿದ್ದು?"

"ಇಲ್ವಾ?" ಅವನ ಮುಖ ಬಾಡಿತು. "ಕಾಯಿಲೆ ಏನಾದ್ರೂ?"

"ಸ್ವಲ್ಪ ಗ್ಯಾಸ್ಟ್ರಿಕ್."

"ಆಟ ಆಡ್ಬೇಡ ಅಂತ ಹೊಡೀತಿದ್ರಾ?"

"ಆಡೋಕೆ ಹೋಗ್ಲಿಲ್ಲ ಅಂದ್ರೆ ಬೈತಿದ್ರು."

ಅವನು ನಿಟ್ಟುಸಿರು ಬಿಟ್ಟ. ಅವಳು ಸುಖವಾಗಿ ಬೆಳೆದದ್ದೇ ತಪ್ಪು ಎಂಬಂತೆ ಒಬ್ಬ ಗಂಡಸು ನಿಟ್ಟುಸಿರು ಬಿಟ್ಟರೆ ಯಾವ ಹೆಣ್ಣು ಸಹಿಸಿಕೊಳ್ಳುತ್ತಾಳೆ? ಭಾಗ್ಯಶ್ರೀ ಅವನನ್ನು ಸೀದಾ ಅವ್ವನ ಖಾನಾವಳಿಗೆ ಕರೆದೊಯ್ದಳು. ಅಲ್ಲಿ ಅಪ್ಪ ಸಂಗಪ್ಪ ಜೋಳದ ರೊಟ್ಟಿ ಮುರಿಯುತ್ತಾ ಕುಳಿತಿದ್ದ.

"ನೋಡಿ. ನಮ್ಮಪ್ಪ. ಉಸಿರಾಡ್ತಿದಾರೆ."

ವಿಷಯ ತಿಳಿದ ಸಂಗಪ್ಪನಿಗೆ ಸಿಟ್ಟೇ ಬರಲಿಲ್ಲ. "ಸಿನಿಮಾದಾಗ ನಾ ಯಾವಾಗ ಸಾಯ್ತೀನ್ರೀ ತಮ್ಮಾ?"

"ಇಂಟರ್ವಲ್‌ಗೆ ಮುಂಚೆ ಸಾರ್."

"ಆತು ಬಿಡ್ರಿ. ಜಲ್ದಿ ಮನಿಗಿ ಹೋಗಬಹುದು."

"ಸಾಯೋ ಮನಷ್ಯಾ ಮೂರನೇ ರೊಟ್ಟಿ ಕೇಳಾಕತ್ತಾನ ನೋಡ್ರಿ," ಎಂದು ಅವ್ವ ಪಾರವ್ವ ಇಬ್ಬರ ತಟ್ಟೆಗೂ ಎಣ್ಣೆಗಾಯಿ ಬಡಿಸಿದಳು.

ರವಿಕಿರಣ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ನಕ್ಕ, ಕೆಮ್ಮಿದ, ಕಣ್ಣಲ್ಲಿ ನೀರು ತಂದುಕೊಂಡ. ನೀರಿನ ಲೋಟ ಮುಂದೆ ತಳ್ಳಿದ್ದು ತನ್ನ ಕೈಯೇ ಎಂದು ಭಾಗ್ಯಶ್ರೀಗೆ ತಡವಾಗಿ ಗೊತ್ತಾಯಿತು. ತನ್ನ ಮೇಲೆ ತನಗೇ ಸಿಟ್ಟು ಬಂತು.

ಫೈನಲ್ ವಿಷಯ ಅವನು ಕೇಳಿದ್ದು ಎಷ್ಟೋ ದಿನಗಳ ನಂತರ. ಅಂದು ಮೈದಾನದಲ್ಲಿ ಒಬ್ಬ ಹುಡುಗಿ ಔಟಾಗಿ ಅಳುತ್ತಿದ್ದಳು. "ಅಳೋದ್ ಯಾಕೆ? ಹೊರಗೆ ಕೂತ್ಕೋ. ನಿಮ್ಮ ಟೀಮ್ ಅವರಲ್ಲೊಬ್ಬರನ್ನ ಔಟ್ ಮಾಡಿದ್ರೆ ಮತ್ತೆ ಒಳಗೆ ಬರ್ತೀಯ," ಎಂದು ಸಮಾಧಾನ ಮಾಡಿ ಬಂದು ಅವನ ಪಕ್ಕ ಕುಳಿತಳು.

"ರಾಜ್ಯ ಮಟ್ಟದ ಫೈನಲ್. ಸ್ಕೋರ್ ಸಮ. ಅವರ ಕೊನೇ ರೈಡ್. ರೈಡಿಗೆ ಬಂದ ಹುಡುಗಿ ವಾಪಸ್ ಹೋಗೋವಾಗ ಅವಳ ಬೆರಳು ನನ್ನ ಹಿಮ್ಮಡಿಗೆ ತಾಗ್ತು. ಅವಳಿಗೇ ಗೊತ್ತಾಗ್ಲಿಲ್ಲ. ರೆಫರೀನೂ ನೋಡ್ಲಿಲ್ಲ."

"ಆಮೇಲೆ?"

"ನಾನೇ ಕೈ ಎತ್ತಿ ಹೊರಗೆ ನಡೆದೆ. ಅದೊಂದು ಪಾಯಿಂಟಲ್ಲಿ ಸೋತ್ವಿ."

"ಯಾಕೆ?"

"ಯಾಕೆ ಅಂದ್ರೆ? ತಾಗಿತ್ತಲ್ಲ."

ಅದೆಷ್ಟು ಸಲೀಸಾಗಿ ಹೇಳಿದಳು. ಆದರೆ ಅದರ ಬೆಲೆ ಅವಳಿಗೆ ಗೊತ್ತಿತ್ತು. ಹರಿಶ್ಚಂದ್ರನ ಮೊಮ್ಮಗಳು ಎಂದು ಜನ ಆಡಿಕೊಂಡಿದ್ದರು. ಜೀವದ ಗೆಳತಿ, ತಂಡದ ಕ್ಯಾಪ್ಟನ್ ಸಬಾ ಒಂದು ವರ್ಷ ಮಾತು ಬಿಟ್ಟಿದ್ದಳು. ಆ ಎತ್ತಿದ ಕೈ ಒಂದನ್ನು ಬಿಟ್ಟು ಅಂದಿನದು ಏನೂ ಅವಳ ಬಳಿ ಉಳಿದಿರಲಿಲ್ಲ.

"ಒಂದ್ ಮಾತ್ ಕೇಳ್ಲಾ?" ಎಂದಳು ಮೆಲ್ಲಗೆ. "ಆ ಕೈ ಮಾತ್ರ ಬದಲಾಯಿಸ್ಬೇಡಿ. ಬೇಕಾದ್ರೆ ಅಪ್ಪನ್ನ ಸಾಯಿಸಿ."

ಅವನು ನಗಲಿಲ್ಲ. ಸುಮ್ಮನೆ ಅವಳ ಮುಖವನ್ನೇ ನೋಡಿದ. 'ಹೀಗೆ ನೋಡಿದರೆ ನಾನೇನು ಮಾಡಲಿ...' ಎಂದುಕೊಂಡಳು. ಪ್ರೀತಿ ಎಂದರೆ ಇದೇ ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಹೇಳಿಕೊಳ್ಳಲು ಮಾತ್ರ ಬಾಯಿ ಬರಲಿಲ್ಲ.

ಅದಾದ ಮೇಲೆ ಅವನು ಬರುವುದು ನಿಂತಿತು. ಫೋನಿಗೂ ಉತ್ತರವಿಲ್ಲ. ಹುಡುಗಿಯರು ಗೇಟಿನ ಕಡೆ ನೋಡಿದರೆ, "ಆಟದ್ ಕಡೆ ಗಮನ ಕೊಡ್ರೇ," ಎಂದು ಗದರುತ್ತಾ ತಾನೇ ಗೇಟಿನ ಕಡೆ ನೋಡುತ್ತಿದ್ದಳು.

ಒಂದು ಸಂಜೆ ಸಬಾ ಫೋನ್ ಮಾಡಿದಳು.

"ಅರೆ ಭಾಗ್ಯಾ, ಪೋಸ್ಟರ್ ನೋಡಿದ್ಯಾ? ನಿನ್ ಸಿನಿಮಾ ಕಣೇ. ನಿಂಗೆ ಕಳಿಸಿದೀನಿ ನೋಡು."

ನೋಡಿದಳು. ಯಾವಳೋ ನಟಿ ಕಬಡ್ಡಿ ಬಟ್ಟೆ ಹಾಕಿ, ಕಪ್ ಎತ್ತಿ ಹಿಡಿದು ಕಿರುಚುತ್ತಿದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ 'ಅವಳು ಗೆದ್ದೇ ಗೆದ್ದಳು' ಎಂದಿತ್ತು. ಇನ್ನೂ ಕೆಳಗೆ ಕಥೆಗಾರನ ಹೆಸರು. ರವಿಕಿರಣ.

"ಕೈ ಎತ್ತಿಸಿದಾನೆ ನೋಡು," ಎಂದಳು ಭಾಗ್ಯಶ್ರೀ. "ಆದ್ರೆ ಕೈಯಲ್ಲಿ ಕಪ್ ಇಟ್ಬಿಟ್ಟಿದಾನೆ."

"ಒಂದ್ ಹೇಳ್ಲಾ?" ಎಂದಳು ಸಬಾ. "ಆವತ್ತು ನಿನ್ ಮೇಲೆ ಸಿಟ್ಟಿತ್ತು, ನಿಜ. ಆದ್ರೆ ಈ ಕಪ್ ನಂಗ್ ಬೇಡ ಕಣೇ. ಇದು ನಮ್ದಲ್ಲ."

ಆಗ ಅಳು ಬಂತು ಭಾಗ್ಯಶ್ರೀಗೆ. ಅಂದು ಫೈನಲ್ ಸೋತಾಗಲೂ ಅತ್ತವಳಲ್ಲ ಅವಳು.

ಮರುದಿನವೇ ಬಂದ ಮಹಾರಾಯ. ಗಡ್ಡ ಬೆಳೆದಿತ್ತು. ಮ್ಯಾಟಿನ ಗೆರೆಯ ಆಚೆಗೇ ನಿಂತ.

"ಹೊರಡಿ," ಎಂದಳು.

"ಹೇಳಿ ಹೊರಡ್ತೀನಿ. ನಿನ್ನೆಯಿಂದ ಎಲ್ರೂ ನೋಡ್ತಿರೋ ಪೋಸ್ಟರ್ ಹಳೇದು, ಅದನ್ನ ಕಂಡೇ ಓಡಿ ಬಂದೆ. ಹದಿನೈದು ದಿನದ ಹಿಂದೇನೇ ನಾನು ಆ ಸಿನಿಮಾ ಬಿಟ್ಟೆ. ಹೆಸರು ತೆಗೀರಿ ಅಂದಿದೀನಿ."

"ಮತ್ತೆ ಗೆದ್ದಳು ಅಂತ ಬರೆದೋರ್ ಯಾರು?"

ಸುಳ್ಳು ಹೇಳಿದ್ದರೆ ನಡೆದುಹೋಗುತ್ತಿತ್ತು. ನಿರ್ಮಾಪಕರ ಮೇಲೆ ಹಾಕಿದ್ದರೆ ಅವಳು ನಂಬುತ್ತಿದ್ದಳು, ನಂಬಲು ಕಾಯುತ್ತಲೇ ಇದ್ದಳು.

"ನಾನೇ ಬರೆದೆ," ಎಂದ. "ಸೋತ್ರೆ ಜನ ನೋಡಲ್ಲ ಅಂದ್ರು. ಬರೆದ್ಕೊಟ್ಟೆ. ಎಲ್ರೂ ಚಪ್ಪಾಳೆ ತಟ್ಟಿದ್ರು. ಆಮೇಲೆ ಇಲ್ಲಿಗೆ ಬರೋಕೆ ಮುಖ ಇರ್ಲಿಲ್ಲ. ನಿಮ್ ಫೋನ್ ಬಂದಾಗೆಲ್ಲಾ ಸುಮ್ನೆ ನೋಡ್ತಾ ಕೂತಿರ್ತಿದ್ದೆ. ಕೊನೆಗೆ ಹೋಗಿ, ಈ ಕಥೆ ಕೊಡಲ್ಲ ಅಂದೆ."

"ಅವರೇನಂದ್ರು?"

"ಬಾಕ್ಸಿಂಗ್ ಕಥೆ ಮಾಡ್ತಾರಂತೆ. ಅದ್ರಲ್ಲೂ ಅಪ್ಪ ಸಾಯ್ತಾನಂತೆ."

ನಗು ಬಂತು. ನುಂಗಿಕೊಂಡಳು. ಇಷ್ಟು ದಿನ ಗೇಟು ಕಾಯಿಸಿದವನಿಗೆ ಇಷ್ಟು ಬೇಗ ನಗು ಕೊಟ್ಟರೆ ಹೇಗೆ?

"ಹೇಳಿದ್ದಾಯ್ತಲ್ಲ. ಹೊರಡಿ ಮತ್ತೆ."

ಅವನು ಹೊರಡಲಿಲ್ಲ. ನಿಧಾನವಾಗಿ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿದ.

"ಏನ್ರೀ ಇದು?"

"ತಾಗ್ತು," ಎಂದ. "ಮೊದಲ್ನೇ ದಿನಾನೇ, ಶೂ ಬಿಚ್ಚಿ ಅಂತ ಬೈದ್ರಲ್ಲ, ಆಗ್ಲೇ. ಯಾರೂ ನೋಡ್ಲಿಲ್ಲ. ನಿಮಗೂ ಗೊತ್ತಾಗ್ಲಿಲ್ಲ. ಆದ್ರೆ ತಾಗಿದ್ದು ನಿಜ. ನಾನು ಔಟ್, ಭಾಗ್ಯಶ್ರೀ."

ಹುಡುಗಿಯರೆಲ್ಲಾ ಆಟ ನಿಲ್ಲಿಸಿ ಬಾಯಿ ಬಿಟ್ಟು ನೋಡುತ್ತಿದ್ದರು. ಭಾಗ್ಯಶ್ರೀಗೆ ಕೆನ್ನೆ ಬಿಸಿಯಾಯಿತು. ಇಂಥ ಮಾತಿಗೂ ಮೈದಾನವೇ ಬೇಕಿತ್ತೇ ಈ ಮನುಷ್ಯನಿಗೆ?

"ಔಟಾದೋರು ಹಿಂಗ್ ನಿಂತ್ಕೊಳ್ಳಲ್ಲ," ಎಂದಳು. "ಹೊರಗೆ ಕೂತ್ಕೋಬೇಕು."

ಅವನು ತಲೆ ತಗ್ಗಿಸಿ ಹೋಗಿ ಕಲ್ಲುಬೆಂಚಿನ ಮೇಲೆ ಕುಳಿತ.

ಅವಳು ಬೆನ್ನು ತಿರುಗಿಸಿದಳು. ಕಬಡ್ಡಿ ಕಬಡ್ಡಿ ಎನ್ನುತ್ತಾ ತಾನೇ ರೈಡಿಗೆ ಹೋದಳು. ಒಬ್ಬ ಹುಡುಗಿಯ ಭುಜ ತಟ್ಟಿ, ಇನ್ನೊಬ್ಬಳ ಹಿಡಿತದಿಂದ ಜಾರಿ, ನಡುಗೆರೆ ದಾಟಿ ಬಂದಳು. ಏದುಸಿರು ಬಿಡುತ್ತಾ ಬೆಂಚಿನ ಕಡೆ ತಿರುಗಿದಳು.

"ಏನ್ ನೋಡ್ತಾ ಕೂತಿದೀರಿ? ಪಾಯಿಂಟ್ ಬಂತು. ಒಳಗೆ ಬನ್ನಿ."

ಅವನು ಎದ್ದು ನಿಂತ. "ನಾನು... ನಿಮ್ಮ ಟೀಮಾ?"

"ಇನ್ಯಾರ ಟೀಮು? ಎಲ್ಲಾ ಬಿಡಿಸಿ ಹೇಳ್ಬೇಕು ನಿಮಗೆ."

ಅವನು ಓಡಿ ಬಂದವನು ಗೆರೆಯ ಬಳಿ ತಟ್ಟನೆ ನಿಂತು, ಬಗ್ಗಿ ಶೂ ಬಿಚ್ಚತೊಡಗಿದ. ಅದೇ ಸಾಕ್ಸು, ಅದೇ ಹೆಬ್ಬೆರಳು.

"ಹೊಸ ಸಾಕ್ಸ್ ತಗೊಳ್ಳೋಕಾಗಲ್ವಾ ನಿಮಗೆ?" ಎಂದಳು. ಕಣ್ಣು ತುಂಬಿತ್ತು.

"ನೀವು ಗಮನಿಸ್ತೀರಿ ಅಂತ ಗೊತ್ತಿರ್ಲಿಲ್ಲ."

"ಮೊದಲ್ನೇ ದಿನಾನೇ ನೋಡಿದೀನಿ," ಎಂದು ಭಾಗ್ಯಶ್ರೀ ತನ್ನ ಕೈಯನ್ನೂ ಮೇಲಕ್ಕೆ ಎತ್ತಿದಳು.